ರೀಬೂಟ್ ಕೊಡುವ ಮುಂಚೆ ಒಂದ್ಸಲ ಡಿಎಫ್ ಕಮಾಂಡ್ ಓಡಿಸಿ ನೋಡಿ

ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಹಾಕಿ, ಐದು ನಿಮಿಷದ ಕೆಲಸ ಅಂದುಕೊಂಡು ರಾತ್ರಿ ಹನ್ನೊಂದೂವರೆಗೆ ದೂರದಿಂದಲೇ ಲಿನಕ್ಸ್ ಸರ್ವರ್‌ಗೆ ರೀಬೂಟ್ ಕೊಟ್ಟೆ. ದೂರದಿಂದ ಲಾಗಿನ್ ಆಗೋ ಎಸ್‌ಎಸ್‌ಎಚ್ ಸಂಪರ್ಕ ಕಡಿದುಕೊಂಡಿತು. ಮತ್ತೆ ಒಳಗೆ ಹೋಗಲು ಆಗಿದ್ದು ಬೆಳಗಿನ ಜಾವ ಮೂರಕ್ಕೆ.

ನನ್ನ ದಾರಿ ತಪ್ಪಿಸಿದ್ದು ಪಿಂಗ್, ಮಷೀನ್ ನೆಟ್‌ವರ್ಕ್‌ನಲ್ಲಿ ಉತ್ತರ ಕೊಡುತ್ತದೆಯೇ ಅಂತ ನೋಡುವ ಕಮಾಂಡ್. ಉತ್ತರ ಬರುತ್ತಲೇ ಇತ್ತು. ಮಷೀನ್ ಎದ್ದಿದೆ, ಎಸ್‌ಎಸ್‌ಎಚ್ ಶುರುವಾಗೋದು ತಡವಾಗಿದೆ ಅಷ್ಟೇ ಅಂತ ಮುಕ್ಕಾಲು ಗಂಟೆ ಕಾದೆ. ಪಿಂಗ್‌ಗೆ ಉತ್ತರ ಕೊಡೋದು ಕರ್ನಲ್. ಮೇಲಿನ ಸರ್ವಿಸ್‌ಗಳೆಲ್ಲ ನಿಂತುಹೋಗಿದ್ದರೂ ಅದು ಕೊಡುತ್ತದೆ. ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ ಕನೆಕ್ಷನ್ ರೆಫ್ಯೂಸ್ಡ್ ಅನ್ನುತ್ತಿತ್ತು. ನಿಜಕ್ಕೂ ರೀಬೂಟ್ ಆಗಿದ್ದರೆ ನಡುವೆ ಸ್ವಲ್ಪ ಹೊತ್ತಾದರೂ ಪಿಂಗ್ ನಿಲ್ಲಬೇಕಿತ್ತಲ್ಲ? ಒಂದು ಪ್ಯಾಕೆಟ್ ಕೂಡ ತಪ್ಪಿರಲಿಲ್ಲ. ಕಣ್ಣೆದುರೇ ಇದ್ದದ್ದು ಹೊಳೆಯಲಿಲ್ಲ.

ಐಪಿಎಂಐ (ಓಎಸ್ ನಿಂತರೂ ಸರ್ವರನ್ನು ದೂರದಿಂದ ನಿಯಂತ್ರಿಸುವ ವ್ಯವಸ್ಥೆ) ಮೂಲಕ ಪವರ್ ಆಫ್ ಮಾಡಿ ಆನ್ ಮಾಡೋಣ ಅಂದರೆ ಅದರ ಪಾಸ್‌ವರ್ಡ್ ಯಾರ ಹತ್ತಿರವೂ ಇಲ್ಲ. ಕೊನೆಗೆ ಡೇಟಾ ಸೆಂಟರ್‌ನ ರಾತ್ರಿ ಪಾಳಿಯವರನ್ನು ಹಿಡಿದು ಸ್ಕ್ರೀನಿನ ಫೋಟೋ ತರಿಸಿಕೊಂಡೆ. ಒಂದೇ ಸಾಲು ಕೆಳಗಿಂದ ಮೇಲಿನವರೆಗೆ: ಎನ್‌ಎಫ್‌ಎಸ್ ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್. ಎನ್‌ಎಫ್‌ಎಸ್ ಅಂದರೆ ಬೇರೆ ಮಷೀನಿನ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವಿಧಾನ. "ಪವರ್ ತೆಗೆದುಬಿಡ್ಲಾ ಸರ್?" ಅಂದರು. ಡೇಟಾಬೇಸ್ ನೆನೆದು ಎದೆ ಧಸಕ್ಕೆಂದರೂ ಹೂಂ ಅಂದೆ. ಪುಣ್ಯಕ್ಕೆ ಡೇಟಾಬೇಸ್ ತನ್ನ ಲಾಗ್ ಓದಿಕೊಂಡು ಚೇತರಿಸಿಕೊಂಡಿತು.

ಆಗಿದ್ದಿಷ್ಟು. ಹಳೆಯ ಬ್ಯಾಕಪ್ ಸ್ಟೋರೇಜನ್ನು ಎರಡು ವಾರದ ಹಿಂದೆ ನಾವೇ ಆಫ್ ಮಾಡಿದ್ದೆವು, ಈ ಸರ್ವರ್‌ನಲ್ಲಿದ್ದ ಅದರ ಮೌಂಟ್ (ಫೋಲ್ಡರ್‌ನಂತೆ ಜೋಡಿಸಿದ್ದ ಕೊಂಡಿ) ಮಾತ್ರ ಹಾಗೇ ಉಳಿದಿತ್ತು. ಎನ್‌ಎಫ್‌ಎಸ್ ಡೀಫಾಲ್ಟ್ ಆಗಿ ಹಾರ್ಡ್ ಮೌಂಟ್. ಆ ಕಡೆಯಿಂದ ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತದೆ. ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ ಒಂದೊಂದು ಸರ್ವಿಸ್‌ಗೆ 90 ಸೆಕೆಂಡ್ ಕಾದು ಕೊಲ್ಲುತ್ತದೆ, ಆದರೆ ಡಿ ಸ್ಥಿತಿಯಲ್ಲಿ (ಡಿಸ್ಕ್ ಅಥವಾ ನೆಟ್‌ವರ್ಕ್ ಸ್ಟೋರೇಜಿನ ಉತ್ತರಕ್ಕೆ ಕಾಯುತ್ತಾ) ಸಿಕ್ಕಿಕೊಂಡ ಪ್ರಾಸೆಸ್, ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ ನೈನ್‌ಗೂ ಜಗ್ಗದೇ ಇರಬಹುದು. ಇಲ್ಲಿ ಅನ್‌ಮೌಂಟ್ ಅಲ್ಲೇ ಕೂತಿತ್ತು.

ಮುನ್ಸೂಚನೆ ಇರಲಿಲ್ಲವೇ? ಇತ್ತು. ಆ ವಾರವೆಲ್ಲ, ಪ್ರತಿ ಮೌಂಟ್‌ನ ಜಾಗ ತೋರಿಸುವ ಡಿಎಫ್ ಹೊಡೆದರೆ ಪ್ರಾಂಪ್ಟ್ ವಾಪಸ್ ಬರುತ್ತಿರಲಿಲ್ಲ, ಕಂಟ್ರೋಲ್-ಸಿ ಒತ್ತಿ ಮುಂದೆ ಹೋಗುತ್ತಿದ್ದೆ. ಸಿಪಿಯು ಸುಮ್ಮನಿದ್ದರೂ ಲೋಡ್ ಆವರೇಜ್ (ಓಡುತ್ತಿರುವ, ಕಾಯುತ್ತಿರುವ ಪ್ರಾಸೆಸ್‌ಗಳ ಸರಾಸರಿ) ಏರಿ ಕೂತಿತ್ತು. ಡಿ ಸ್ಥಿತಿಯ ಪ್ರಾಸೆಸ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಮಾರನೇ ದಿನ ಹಿಂದಿನ ಬೂಟ್‌ನ ಲಾಗ್ ನೋಡೋಣ ಅಂತ ಕೂತರೆ ಅದೂ ಇಲ್ಲ. ವಾರ್-ಲಾಗ್ (/var/log) ಒಳಗೆ ಜರ್ನಲ್ ಅನ್ನೋ ಫೋಲ್ಡರ್ ಇಲ್ಲದಿದ್ದರೆ ನಮ್ಮಲ್ಲಿದ್ದ ಸಿಸ್ಟಮ್‌ಡಿ ಆವೃತ್ತಿಯ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಜರ್ನಲ್ (ಸಿಸ್ಟಮ್‌ನ ಲಾಗ್) ಮೆಮೊರಿಯಲ್ಲೇ ಇರುತ್ತದೆ, ಪವರ್ ಹೋದರೆ ಅದೂ ಹೋಯಿತು. ಆ ಫೋಟೋ ಇಲ್ಲದಿದ್ದರೆ ನಾನಿನ್ನೂ ಹೊಸ ಕರ್ನಲ್ಲನ್ನೇ ಬೈಯುತ್ತಿದ್ದೆ.

ಹೀಗೆ ಸತ್ತ ಮೌಂಟ್ ಕಂಡರೆ ರೀಬೂಟ್‌ಗೆ ಮುಂಚೆಯೇ ಲೇಜಿ ಅನ್‌ಮೌಂಟ್ (ಆ ಕಡೆಯ ಉತ್ತರಕ್ಕೆ ಕಾಯದೆ ಕಳಚುವುದು) ಮಾಡಿ, ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಿಂದ ಆ ಸಾಲು ತೆಗೆದುಹಾಕಿ. ನಾನು ತೆಗೆದಿರಲಿಲ್ಲ, ಎದ್ದೇಳುವಾಗಲೂ ಅದೇ ಮೌಂಟ್‌ಗೆ ಕಾಯುತ್ತಾ ನಿಂತಿತು. ಸಾಫ್ಟ್ ಮೌಂಟ್ (ಸ್ವಲ್ಪ ಹೊತ್ತು ಕೇಳಿ ಕೈಬಿಡುವುದು) ಮಾಡಿ ಅಂತ ಸಲಹೆ ಕೊಡೋರಿದ್ದಾರೆ. ಬರೆಯುವ ಮೌಂಟ್‌ಗೆ ನಾನಂತೂ ಒಪ್ಪಲ್ಲ, ನಡುವೆ ಕೈಕೊಟ್ಟರೆ ಡೇಟಾ ಕೆಡಬಹುದು. ಐಪಿಎಂಐ ಲಾಗಿನ್ ಆಗುತ್ತದೋ ಇಲ್ಲವೋ ಅನ್ನೋದನ್ನು ಹಗಲು ಹೊತ್ತಲ್ಲೇ ನೋಡಿಟ್ಟುಕೊಳ್ಳಿ. ನಮ್ಮದರ ಪಾಸ್‌ವರ್ಡ್ ಆಮೇಲೆ ಸಿಕ್ಕಿತು, ಸರ್ವರ್‌ನ ಮುಂಭಾಗದ ಚೀಟಿಯಲ್ಲೇ ಬರೆದಿತ್ತು.