ಕೆಂಪು ಹಾಯಿಯ ಹಳೇ ಮಿರರ್ ಡಿಂಗಿ: ಮೂರು ಬೇಸಿಗೆ ಓಡಿಸಿದ ಮೇಲೆ

ಇಂಗ್ಲೆಂಡಿನ ಚಿಚೆಸ್ಟರ್ ಹಾರ್ಬರಿನಲ್ಲಿ ಮೂರು ಬೇಸಿಗೆ ಈ ದೋಣಿ ಓಡಿಸಿದ್ದೇನೆ. 1970ರ ದಶಕದ ಮರದ ಮಿರರ್ ಡಿಂಗಿ, ಅಂದರೆ ಸಣ್ಣ ಹಾಯಿದೋಣಿ. ಟ್ರೇಲರ್ ಸೇರಿ 250 ಪೌಂಡ್ ಕೊಟ್ಟೆ. ಹಳೇ ಹಾಯಿದೋಣಿಯ ಆಸೆಯಿದೆ, ಆದರೆ ಮರಗೆಲಸ ಗೊತ್ತಿಲ್ಲ ಅನ್ನುವವರಿಗೆ ನಾನು ಹೇಳುವ ಮೊದಲ ಹೆಸರು ಇದೇ.

1963ರಲ್ಲಿ ಡೈಲಿ ಮಿರರ್ ಪತ್ರಿಕೆ ಇದನ್ನು ಕಿಟ್ ರೂಪದಲ್ಲಿ ಹೊರತಂದಿತು. ಬೆಲೆ 63 ಪೌಂಡ್ 11 ಶಿಲ್ಲಿಂಗ್. ರೂಪಿಸಿದವರು ಜ್ಯಾಕ್ ಹೋಲ್ಟ್, ಜೊತೆಗೆ ಟೀವಿಯಲ್ಲಿ ಮನೆಗೆಲಸ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್. ಪ್ಲೈವುಡ್ ಹಾಳೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಗ್ಲಾಸ್‌ಫೈಬರ್ ಟೇಪ್ ಅಂಟಿಸುವುದು. ಮನೆಯಲ್ಲಿ ಕಟ್ಟಲೆಂದೇ ಮಾಡಿದ್ದು, ಹಾಗಾಗಿ ಮನೆಯಲ್ಲೇ ರಿಪೇರಿಯೂ ಆಗುತ್ತದೆ.

ಕೊಳ್ಳುವಾಗ ಬಣ್ಣ ನೋಡಬೇಡಿ. ದೋಣಿ ಮುಳುಗದಂತೆ ತೇಲಿಸುವ, ಗಾಳಿ ತುಂಬಿದ ಟ್ಯಾಂಕುಗಳ ಒಳಗೆ ಟಾರ್ಚ್ ಹಾಕಿ ನೋಡಿ. ನನ್ನ ದೋಣಿಯ ಹೊರಮೈ ಹೊಳೆಯುತ್ತಿತ್ತು. ಮುಂದಿನ ಟ್ಯಾಂಕಿನ ಮೂಲೆಗೆ ಸ್ಕ್ರೂಡ್ರೈವರ್ ಒತ್ತಿದರೆ, ಚಹಾದಲ್ಲಿ ನೆನೆದ ರಸ್ಕಿನೊಳಗೆ ಹೋದ ಹಾಗೆ ಹೋಯಿತು. ವರ್ಷಗಟ್ಟಲೆ ಬಿರಡೆ ಹಾಕಿಯೇ ಇಟ್ಟಿದ್ದರು, ನೀರು ಒಳಗೇ ನಿಂತು ಮರ ಕೊಳೆತಿತ್ತು.

ಕೊಳೆತದ್ದನ್ನು ಕೊಯ್ದು ಹೊಸ ಮರೈನ್ ಪ್ಲೈ ಕೂರಿಸಿದೆ. ಅಂಚುಗಳನ್ನು ಒಂದಕ್ಕೆ ಎಂಟರಂತೆ ಓರೆಯಾಗಿ ಕೆತ್ತಬೇಕು. 5 ಮಿ.ಮೀ. ಪ್ಲೈ ಆದರೆ 40 ಮಿ.ಮೀ. ಅಗಲದ ಓರೆ. ಇದಕ್ಕೆ ನನಗೆ ಎರಡು ಶನಿವಾರ ಬೇಕಾಯಿತು, ಆದರೆ ಆ ಜಾಗ ಇವತ್ತಿಗೂ ಒಂದು ತೊಟ್ಟು ನೀರು ಬಿಟ್ಟಿಲ್ಲ. ಎಪಾಕ್ಸಿ ಅನ್ನೋ ಅಂಟನ್ನು ಮಾತ್ರ ಚಳಿಯಲ್ಲಿ ಬಳಸಬೇಡಿ. ಜನವರಿಯಲ್ಲಿ ಹಚ್ಚಿದ್ದು ಮೂರು ದಿನವಾದರೂ ಅಂಟಂಟಾಗೇ ಇತ್ತು. ಪೂರ್ತಿ ಕೆರೆದು, ಗ್ಯಾರೇಜಿನಲ್ಲಿ ಹೀಟರ್ ಇಟ್ಟು ಮತ್ತೆ ಹಚ್ಚಿದೆ.

ಹಾಯಿ ಕಟ್ಟುವುದು ಸುಲಭ. ಎರಡು ಪಕ್ಕಕ್ಕೆ, ಒಂದು ಮುಂದಕ್ಕೆ, ಒಟ್ಟು ಮೂರು ತಂತಿ ಮಾಸ್ಟನ್ನು, ಅಂದರೆ ಹಾಯಿಕಂಬವನ್ನು, ಹಿಡಿಯುತ್ತವೆ. ಇದರದ್ದು ಗಂಟರ್ ರಿಗ್. ಅಂದರೆ ಮಾಸ್ಟ್ ಗಿಡ್ಡ, ಅದರ ಮೇಲೆ ಗ್ಯಾಫ್ ಅನ್ನೋ ಇನ್ನೊಂದು ಕೋಲು ನೆಟ್ಟಗೆ ಏರಿ ಹಾಯಿಯನ್ನು ಎತ್ತುತ್ತದೆ. ಇಳಿಸಿದರೆ ಎಲ್ಲವೂ 3.3 ಮೀಟರಿನ ದೋಣಿಯೊಳಗೇ ಮಲಗುತ್ತದೆ. ಎತ್ತುವ ಹಗ್ಗಕ್ಕೆ ಮಾತ್ರ ಜಿಪುಣತನ ಬೇಡ. ಹಳೇ ಹಗ್ಗ ಗಾಳಿ ಜಾಸ್ತಿಯಾದಾಗ ಹಿಗ್ಗುತ್ತಿತ್ತು. ಗ್ಯಾಫ್ ಮಾಸ್ಟಿನಿಂದ ದೂರ ಸರಿದು ಹಾಯಿಯಲ್ಲಿ ಓರೆ ನೆರಿಗೆ ಬೀಳುತ್ತಿತ್ತು, ದೋಣಿ ಗಾಳಿಗೆ ಎದುರಾಗಿ ಏರುತ್ತಲೇ ಇರಲಿಲ್ಲ. ಅಷ್ಟಾಗಿ ಹಿಗ್ಗದ 4 ಮಿ.ಮೀ. ಡೈನೀಮಾ ಹಗ್ಗ ಹಾಕಿದೆ. ಅದೇ ಕೆಂಪು ಹಾಯಿ, ಅದೇ ಗಾಳಿ, ಆದರೆ ನೆರಿಗೆ ಹೋಯಿತು. "ಅಪ್ಪಾ, ಈಗ ನೀರು ಕೇಳಿಸ್ತಿದೆ ನೋಡು" ಅಂದಳು ಮಗಳು. ಮುಂದಿನ ಚಪ್ಪಟೆ ಮೂತಿಯ ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು.

ಕೊರತೆಗಳೂ ಇವೆ. ಇಬ್ಬರು ದೊಡ್ಡವರು ಕೂತರೆ ಕಾಲಿಗೆ ಜಾಗ ಸಾಲದು. ಹೊಸದರಲ್ಲಿ ದೋಣಿಯ ಮೈ ಸುಮಾರು 45 ಕಿಲೋ, ನನ್ನದು ಹಳೇ ಬಣ್ಣ, ರಿಪೇರಿಯೆಲ್ಲ ಸೇರಿ ಅದಕ್ಕಿಂತ ಭಾರ. ಮರ ಅಂದಮೇಲೆ ವರ್ಷಕ್ಕೊಮ್ಮೆ ವಾರ್ನಿಶ್ ತಪ್ಪಿದ್ದಲ್ಲ. ಒಬ್ಬ ದೊಡ್ಡವರು, ಒಂದು ಮಗು ಅಂದರೆ ಇದಕ್ಕಿಂತ ನೆಮ್ಮದಿಯ ದೋಣಿ ನಾನು ಹತ್ತಿಲ್ಲ.

ಈ ಚಳಿಗಾಲ ಚುಕ್ಕಾಣಿಯ ಸರದಿ. ದೋಣಿ ಗ್ಯಾರೇಜಿನಲ್ಲಿದೆ, ಟ್ಯಾಂಕಿನ ಬಿರಡೆಗಳನ್ನು ಮೊದಲ ದಿನವೇ ಬಿಚ್ಚಿಟ್ಟಿದ್ದೇನೆ.