ಸೀಟಿಗೆ ಜೆಲ್ ಕವರೋ, ಸ್ಪ್ಯಾನರಿನ ಎರಡು ತಿರುವೋ?

ಮೈಸೂರಿನ ಬೋಗಾದಿಯಿಂದ ಬನ್ನಿಮಂಟಪಕ್ಕೆ ಹೋಗಿ ಬಂದರೆ ದಿನಕ್ಕೆ 15 ಕಿಲೋಮೀಟರ್ ಆಸುಪಾಸು. ಕುಕ್ಕರಹಳ್ಳಿ ಕೆರೆ ಕಡೆಯ ಬೆಳಗಿನ ಗಾಳಿಗೆ ಆಸೆಪಟ್ಟು ಸ್ಕೂಟರ್ ಬಿಟ್ಟು ಸೈಕಲ್ ಹಿಡಿದೆ. ಮೊದಲ ಎರಡು ತಿಂಗಳು ಸಿಕ್ಕಿದ್ದು ಮಂಡಿ ನೋವು, ಕೂತ ಕಡೆ ಉರಿ. ಹೊಸ ಸೈಕಲ್ ತಗೊಳ್ಳೋಣ ಅಂತ ಮನೆಯಲ್ಲಿ ಬಾಯಿಬಿಟ್ಟೆ. "ಇರೋದನ್ನ ಮೊದಲು ಸರಿ ಮಾಡ್ಕೊಳ್ರೀ" ಅಂದಳು ಹೆಂಡತಿ. ಹಾಗಾಗಿ ಒಂದೊಂದು ಭಾಗಕ್ಕೂ ಎರಡು ಮೂರು ದಾರಿ ಹಿಡಿದು ನೋಡಿದೆ. ಪ್ರತಿಯೊಂದಕ್ಕೂ ಕನಿಷ್ಠ ಒಂದು ವಾರ. ರಸ್ತೆ ಮಾತ್ರ ಅದೇ.

ನೋವು ಕೂತ ಕಡೆ, ಹಾಗಾಗಿ ಮೊದಲ ದುಡ್ಡು ಹೋಗಿದ್ದು ಜೆಲ್ ಕವರಿಗೆ. ಅಂಗಡಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿದರೆ ಬೆಣ್ಣೆ. ಹತ್ತು ನಿಮಿಷ ಓಡಿಸಿದರೂ ಬೆಣ್ಣೆಯೇ. ಅರ್ಧ ಗಂಟೆ ಆದಮೇಲೆ ಜೋಮು ಹಿಡಿಯಲು ಶುರು. ಸೈಕಲ್ ಮೇಲೆ ನಮ್ಮ ಭಾರ ಹೊರಬೇಕಾದ್ದು ಕೆಳಗಿನ ಎರಡು ಮೂಳೆಗಳು. ತೀರಾ ಮೆತ್ತಗಿನ ಸೀಟಿನಲ್ಲಿ ಆ ಮೂಳೆಗಳು ಹೂತುಹೋಗುತ್ತವೆ. ಉಬ್ಬಿದ ಜೆಲ್ ನಡುವಿನ ಸೂಕ್ಷ್ಮ ಜಾಗವನ್ನು ಒತ್ತುತ್ತದೆ. ಸಾಲದ್ದಕ್ಕೆ ತಿರುವಿನಲ್ಲಿ ಕವರ್ ಒಂದು ಕಡೆ, ನಾನು ಇನ್ನೊಂದು ಕಡೆ.

ಆಮೇಲೆ ಸ್ಪ್ರಿಂಗ್ ಸೀಟು. ಹಾಲಿನವರ ದೊಡ್ಡ ಸೈಕಲ್‌ಗಳಲ್ಲಿ ಇರುತ್ತಲ್ಲ, ಆ ಥರದ್ದು. ಹಂಪುಗಳ ಮೇಲೆ ಇದಕ್ಕೆ ಸಾಟಿಯಿಲ್ಲ. ನೆಟ್ಟಗೆ ಕೂತು ನಿಧಾನ ಹೋಗುವವರು ಇದನ್ನೇ ಹಾಕಿಸಿಕೊಳ್ಳಬಹುದು. ನಾನು ಸ್ವಲ್ಪ ಬಗ್ಗಿ, ಜೋರಾಗಿ ತುಳಿಯುವವನು. ತುಳಿದಾಗೆಲ್ಲ ಸೀಟೂ ಕುಣಿಯಿತು, ಕಿರ್ ಕಿರ್ ಸದ್ದು ಬೇರೆ.

ಅದನ್ನು ಬಿಚ್ಚಿಸಲು ಹೋದಾಗ ರಿಪೇರಿ ಅಂಗಡಿಯ ಯಜಮಾನರು ನಾನು ಸೈಕಲ್ ಮೇಲೆ ಬರುವುದನ್ನೇ ನೋಡುತ್ತಿದ್ದರು. "ಸಾರ್, ನಿಮ್ಮ ಮಂಡಿ ಹ್ಯಾಂಡಲ್‌ಗೆ ಬಡಿಯೋ ಹಾಗಿದೆ. ಸೀಟು ಬದಲಾಯಿಸಬೇಡಿ, ಎತ್ತಿ" ಅಂದರು. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರಬೇಕು ಅಂತ ನಾನು ಸೀಟನ್ನು ಕೆಳಗೆ ಇಳಿಸಿಟ್ಟಿದ್ದೆ. ನಮ್ಮಲ್ಲಿ ಹೆಚ್ಚಿನವರು ಹೀಗೇ ಅಲ್ವಾ? ಅವರು ಗೋಡೆ ಹಿಡಿದು ಕೂರಲು ಹೇಳಿದರು. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಚೂರು ಬಾಗಿರುತ್ತದೆ. ನನ್ನ ಸೀಟು ಎರಡು ಇಂಚು ಮೇಲೆ ಹೋಯಿತು. ಖರ್ಚು ಸೊನ್ನೆ.

ಮೊದಲ ಎರಡು ದಿನ ಭಯ. ಸಿಗ್ನಲ್‌ನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದನ್ನು ಹೊಸದಾಗಿ ಕಲಿಯಬೇಕಾಯಿತು. ಮೂರನೇ ದಿನದಿಂದ ಮಂಡಿಯ ಮುಂಭಾಗದ ನೋವು ಇಳಿಯಿತು. ಕಾಲುಗಳು ಭಾರ ಹೊರಲು ಶುರು ಮಾಡಿದ್ದರಿಂದ ಕೂತ ಕಡೆಯ ಉರಿಯೂ ಕಡಿಮೆ. ಸೈಕಲ್ ಜೊತೆ ಬಂದ ಅದೇ ಗಟ್ಟಿ ಸೀಟು, ನೋಡಿ! ಹುಮ್ಮಸ್ಸಿನಲ್ಲಿ ಇನ್ನೂ ಎತ್ತಿ ನೋಡಿದೆ. ಸೊಂಟ ಆ ಕಡೆ ಈ ಕಡೆ ತೂಗಾಡಿತು, ಮಂಡಿಯ ಹಿಂಭಾಗ ಎಳೆಯಿತು. ತಿರುಗಿ ಇಳಿಸಿದೆ. ಸೀಟಿನ ಕಂಬದಲ್ಲಿ ಒಂದು ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಎತ್ತಲೇಬಾರದು, ಕಂಬ ಮುರಿಯಬಹುದು. ಜೆಲ್ ಕವರ್ ಈಗ ಅಪ್ಪನ ಪ್ಲಾಸ್ಟಿಕ್ ಕುರ್ಚಿ ಮೇಲಿದೆ. ಅವರಿಗೆ ಬಹಳ ಇಷ್ಟವಾಗಿದೆ.

ಟೈರಿನ ವಿಷಯದಲ್ಲಿ ತೀರ್ಪು ಇಷ್ಟು ಸಲೀಸಲ್ಲ. ನನ್ನ ಸೈಕಲ್‌ಗೆ ಬಂದಿದ್ದು 26 ಇಂಚಿನ, ಹಲ್ಲು ಹಲ್ಲಿನ ದಪ್ಪ ಟೈರು. ಡಾಂಬರಿನ ಮೇಲೆ ಜೇನುಹುಳದ ಥರ ಗುಂಯ್ ಅನ್ನುತ್ತದೆ. ಆ ಸದ್ದಿನಲ್ಲಿ ನಮ್ಮ ಶಕ್ತಿಯೂ ಸೋರುತ್ತದೆ. ಸ್ವಲ್ಪ ಸಪೂರದ ನುಣುಪು ಟೈರು ಹಾಕಿಸಿದ ದಿನ ಯಾರೋ ಹಿಂದಿನಿಂದ ತಳ್ಳುತ್ತಿದ್ದಾರೆ ಅನ್ನಿಸಿತು. ಭಾನುವಾರ ಕೆಆರ್‌ಎಸ್‌ವರೆಗೆ ಹೋಗಿ ಬಂದೆ, ಸುಸ್ತೇ ಆಗಲಿಲ್ಲ. ಆದರೆ ಮಂಡ್ಯದ ಹತ್ತಿರ ಅಜ್ಜಿ ಊರಿಗೆ ಹೋದಾಗ ನುಣುಪು ಟೈರು ಮಾನ ಕಳೆಯಿತು. ಮಳೆ ಬಿದ್ದಿದ್ದ ನಾಲೆ ಏರಿ, ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಆದ ಕೆಸರು. ಹಿಂದಿನ ಚಕ್ರ ಜಾರಿ ಸೈಕಲ್ ಸಮೇತ ಮಲಗಿದೆ. ದಿನಾ ಅಲ್ಲೇ ಓಡಿಸುವವರಿಗೆ ಹಲ್ಲಿನ ಟೈರೇ ಸರಿ. ಊರೊಳಗೆ ನುಣುಪು.

ಎರಡಕ್ಕೂ ಗಾಳಿ ಮುಖ್ಯ. ಬೆರಳಲ್ಲಿ ಒತ್ತಿ ನೋಡುವುದು ನನ್ನ ಹಳೇ ಪದ್ಧತಿ. ಗೇಜು ಇರುವ ನಿಲ್ಲಿಸಿ ಹೊಡೆಯುವ ಪಂಪು ತಂದ ಮೇಲೆ ಆ ಬೆರಳು ಎಷ್ಟು ಸುಳ್ಳು ಹೇಳುತ್ತಿತ್ತು ಅಂತ ಗೊತ್ತಾಯಿತು. ಪಂಚರ್ ಇಲ್ಲದಿದ್ದರೂ ಟ್ಯೂಬಿನಿಂದ ಗಾಳಿ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಗಾಳಿ ಕಡಿಮೆಯಿದ್ದು ಗುಂಡಿಗೆ ಇಳಿದರೆ ಟ್ಯೂಬು ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. ಟೈರಿನ ಪಕ್ಕದಲ್ಲೇ ಎಷ್ಟು ಗಾಳಿ ಅಂತ ಬರೆದಿರುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಪುಕ್ಕಟೆ ನಿಜ, ಆದರೆ ಸೈಕಲ್ ಟ್ಯೂಬು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿಬಿಡುತ್ತದೆ. ಒಮ್ಮೆ ಢಂ ಅಂದಿದೆ. ಗಾಳಿ ಮೂತಿಯಲ್ಲಿ ಸಣ್ಣ ರಬ್ಬರ್ ಕೊಳವೆ ಇರುವ ಹಳೇ ವಾಲ್ ಟ್ಯೂಬಿನ ಸೈಕಲ್‌ಗೆ ಆ ಪೈಪೇ ಕೂರುವುದಿಲ್ಲ. ನಾನಂತೂ ಪಂಪಿನ ಕಡೆ.

ಚೈನಿಗೆ ಮೊದಲು ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಟ್ಟೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಚೈನಿನ ಮೇಲೆ ಬಿಳಿ ಪದರ, ಅದಕ್ಕೆ ಮೆತ್ತಿದ ಧೂಳು. ಸ್ಕೂಟರಿನ ಹಳೇ ಎಂಜಿನ್ ಆಯಿಲ್ ಪ್ಯಾಂಟಿನ ಶತ್ರು. ಹೊಲಿಗೆ ಮಿಷನ್ ಎಣ್ಣೆ ಚೊಕ್ಕ, ಸದ್ದೂ ನಿಲ್ಲುತ್ತದೆ, ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಸೈಕಲ್ ಚೈನಿನ ಲೂಬ್ ದುಬಾರಿಯಾದರೂ ಮಳೆಗಾಲಕ್ಕೆ ಅದೇ. ಯಾವುದೇ ಹಾಕಿ, ಕೊಂಡಿಗೊಂದು ಹನಿ ಬಿಟ್ಟು ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆಯ ಕೆಲಸ ಇರುವುದು ಕೊಂಡಿಯ ಒಳಗೆ.

ಬೆನ್ನಿನ ಬ್ಯಾಗೋ, ಕ್ಯಾರಿಯರೋ? ಕ್ಯಾರಿಯರ್. ಅಂಗಿ ಬೆನ್ನಿಗೆ ಅಂಟುವುದಿಲ್ಲ. ಹಳೇ ಟ್ಯೂಬು ಸೀಳಿ ಕಟ್ಟಿಕೊಂಡರೆ ಟಿಫನ್ ಡಬ್ಬಿ ಅಲ್ಲಾಡಲ್ಲ.

ಕೊನೆಗೆ ಬೆಲ್ಲು. ಬ್ಯಾಟರಿ ಹಾರನ್ ಹಾಕಿ ದೇವರಾಜ ಮಾರುಕಟ್ಟೆ ಹತ್ತಿರ ಒತ್ತಿದೆ. ಮಲ್ಲಿಗೆ ಮೊಳ ಹಾಕಿಸಿಕೊಳ್ಳುತ್ತಿದ್ದ ಹೆಂಗಸೊಬ್ಬರು ಬೆಚ್ಚಿಬಿದ್ದು ನನ್ನ ಚಕ್ರದ ಮುಂದಕ್ಕೇ ಬಂದರು. ಬೈಸಿಕೊಂಡೆ. ಹಳೇ ಟ್ರಿಣ್ ಟ್ರಿಣ್ ಬೆಲ್ಲು ಹಾಕಿದ ಮೇಲೆ ಜನ ತಿರುಗಿಯೂ ನೋಡದೆ ಪಕ್ಕಕ್ಕೆ ಸರಿಯುತ್ತಾರೆ. ಲಾರಿಗಳು ಮಾತ್ರ ಎರಡಕ್ಕೂ ಕ್ಯಾರೇ ಅನ್ನುವುದಿಲ್ಲ.