ಮಾರಿಷಸ್‌ನಲ್ಲಿ ಮನೆ ತೋರಿಸಿದ ಏಜೆನ್ಸಿ: ಕಾಗದಕ್ಕೆ ಪೂರ್ತಿ ಮಾರ್ಕು, ಜಾಗಕ್ಕೆ ಅರ್ಧ

ನಾವು ಮಾರಿಷಸ್‌ಗೆ ಬಂದು ಆರು ವರ್ಷ ಆಯಿತು. ಯಜಮಾನರಿಗೆ ಎಬೆನ್‌ನಲ್ಲಿ, ಅಂದರೆ ಇಲ್ಲಿನ ಐಟಿ ಆಫೀಸುಗಳ ಊರಿನಲ್ಲಿ, ಕೆಲಸ. ಬಾಡಿಗೆ ಕಟ್ಟಿ ಸಾಕಾಗಿ, ಕಳೆದ ಜುಲೈನಲ್ಲಿ ಸ್ವಂತ ಫ್ಲಾಟ್ ತೆಗೆದುಕೊಳ್ಳುವ ಮನಸ್ಸು ಮಾಡಿದೆವು. ಗೊತ್ತಿದ್ದವರೊಬ್ಬರು ಒಂದು ಏಜೆನ್ಸಿ ಹೇಳಿದರು. ಹೆಸರು ಬೇಡ. ಅವರಿಂದ ನಮಗೆ ಉಪಕಾರವೂ ಆಗಿದೆ, ತೊಂದರೆಯೂ ಆಗಿದೆ. ಎರಡನ್ನೂ ಬರೆಯುತ್ತೇನೆ.

ಮೊದಲು ಒಳ್ಳೆಯದು. ಕಾಯ್ದೆ ಕಾನೂನು ವಿವರಿಸುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಹೊರದೇಶದವರು ಇಲ್ಲಿ ಕಂಡ ಕಂಡ ಸೈಟು ಕೊಳ್ಳುವ ಹಾಗಿಲ್ಲ. ನೆಲಮಹಡಿ ಬಿಟ್ಟು ಕಡೇಪಕ್ಷ ಎರಡು ಮಹಡಿ ಇರುವ ಕಟ್ಟಡದಲ್ಲಿ ಫ್ಲಾಟ್ ಕೊಳ್ಳಬಹುದು, ಅದೂ 60 ಲಕ್ಷ ಮಾರಿಷಸ್ ರೂಪಾಯಿಗೆ ಕಡಿಮೆ ಇರಬಾರದು. ನಮ್ಮ ದುಡ್ಡಲ್ಲಿ ಒಂದು ಕೋಟಿ ದಾಟುತ್ತದೆ. ವಿಲ್ಲಾ ಬೇಕಾದರೆ ಹೆಚ್ಚಾಗಿ ಸರ್ಕಾರ ಒಪ್ಪಿದ ಯೋಜನೆಗಳ ಒಳಗೇ ಹುಡುಕಬೇಕು. ಅಂಥ ಯೋಜನೆಯಲ್ಲಿ 3,75,000 ಡಾಲರ್ ಅಥವಾ ಜಾಸ್ತಿ ಹಾಕಿದರೆ ವಾಸದ ಪರವಾನಗಿಯೂ ಸಿಗುತ್ತದೆ. ಊರಿಂದ ದುಡ್ಡು ತರುವವರು ಇನ್ನೊಂದು ಲೆಕ್ಕ ನೋಡಿಕೊಳ್ಳಬೇಕು. ಭಾರತದಲ್ಲೇ ವಾಸವಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಮಾತ್ರ ಕಳಿಸಬಹುದು. ಹಾಗಾಗಿ ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಕಳಿಸುವವರೇ ಹೆಚ್ಚು. ಇದನ್ನೆಲ್ಲ ಏಜೆನ್ಸಿಯ ಹುಡುಗಿ ಒಂದು ಹಾಳೆಯಲ್ಲಿ ಬರೆದು, ಎರಡು ಸಲ ಹೇಳಿ, ನಮಗೆ ಅರ್ಥ ಆಗುವವರೆಗೂ ಕೂತಿದ್ದಳು.

ಸಮುದ್ರಕ್ಕೆ ಅಂಟಿಕೊಂಡ ಒಂದು ಬಂಗಲೆ ನೋಡಿ ನಾನು ಆಸೆಪಟ್ಟಾಗ ತಡೆದವಳೂ ಅವಳೇ. ದಡದಿಂದ 81.21 ಮೀಟರ್ ಅಗಲದ ಪಟ್ಟಿಗೆ ಇಲ್ಲಿ 'ಪಾ ಜೆಯೊಮೆಟ್ರಿಕ್' ಎನ್ನುತ್ತಾರೆ. ಅದು ಹೆಚ್ಚಾಗಿ ಸರ್ಕಾರದ ಜಾಗ. ಅಲ್ಲಿನ ಮನೆಗಳು ಲೀಸ್ ಮೇಲೆ ನಿಂತಿವೆ.

ತೊಂದರೆ ಶುರುವಾಗಿದ್ದು ಜಾಗ ತೋರಿಸುವಾಗ. ಎರಡು ದಿನ ಕಾರಲ್ಲಿ ಕರೆದುಕೊಂಡು ಹೋಗಿ ನಾಲ್ಕು ಕಡೆ ತೋರಿಸಿದರು. ಪ್ರತಿ ಸಲವೂ ಬೆಳಗ್ಗೆ ಹತ್ತರ ಮೇಲೆ, ಮಧ್ಯಾಹ್ನ ಮೂರರ ಒಳಗೆ. ಎಲ್ಲ ಮನೆಯೂ ಚೆನ್ನಾಗೇ ಕಂಡಿತು. ಈ ದ್ವೀಪ ಉದ್ದಕ್ಕೆ ಬರೀ 65 ಕಿಲೋಮೀಟರ್. ಆದರೆ ಪಶ್ಚಿಮದ ದಡದಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ ಬಿದ್ದರೆ, ನಡುವಿನ ಎತ್ತರದಲ್ಲಿ 4,000 ಮುಟ್ಟುತ್ತದೆ. ಒಂದು ಕಡೆ ಬಯಲುಸೀಮೆ, ಇನ್ನೊಂದು ಕಡೆ ಆಗುಂಬೆ ದಾರಿ ಅನ್ನಿ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಮನೆ ಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತು ಇದೇ ಅಲ್ವಾ?

ಆ ನಡುವಿನ ಎತ್ತರದಲ್ಲೇ ಇರುವ ಕ್ಯೂರ್‌ಪೀಪ್ ಊರಿನ ಫ್ಲಾಟ್ ನನಗೆ ಬಹಳ ಹಿಡಿಸಿತ್ತು. ತಂಪು ಹವೆ, 2022ರಿಂದ ಮೆಟ್ರೊ ಬೇರೆ ಬಂದಿದೆ, ಬೆಲೆಯೂ ಕಡಿಮೆ. ಬಾಗಿಲು ತೆಗೆದರೆ ಹೊಸ ಬಣ್ಣದ ವಾಸನೆ. ನಾನು ಸಾಗರದ ಕಡೆಯವಳು. ಯಾವ ಮನೆಗೆ ಹೋದರೂ ಮೊದಲು ಬೀರು ತೆಗೆಯುವ ಅಭ್ಯಾಸ. ಮಲಗುವ ಕೋಣೆಯ ಗೋಡೆ ಬೀರು ತೆಗೆದು ತಲೆ ಒಳಗೆ ಹಾಕಿದೆ. ಆಷಾಢದಲ್ಲಿ ಅಮ್ಮನ ರೇಷ್ಮೆ ಸೀರೆ ಪೆಟ್ಟಿಗೆ ತೆಗೆದರೆ ಬರುತ್ತಿತ್ತಲ್ಲ, ಅದೇ ವಾಸನೆ. ಕೆಳಗಿನ ಹಲಗೆಯ ಹಿಂದೆ ಬೆರಳು ಆಡಿಸಿದೆ. ತಣ್ಣಗೆ, ಜಿಗುಟು. ಮೊಬೈಲ್ ಬೆಳಕು ಬಿಟ್ಟರೆ ಮೂಲೆ ತುಂಬ ಕರಿ ಚುಕ್ಕೆ. ಬೂಷ್ಟು. ಏಜೆಂಟ್ "ಕಿಟಕಿ ತೆರೆದಿಟ್ಟರೆ ಸರಿಹೋಗುತ್ತೆ" ಅಂದರು. ಆ ಕೋಣೆಯ ಕಿಟಕಿ ದಕ್ಷಿಣಕ್ಕಿತ್ತು. ಈ ದೇಶ ಇರುವುದು ಭೂಮಧ್ಯರೇಖೆಯ ಆಚೆ. ಚಳಿಗಾಲದಲ್ಲಿ ಸೂರ್ಯ ವಾಲುವುದು ಉತ್ತರಕ್ಕೆ. ದಕ್ಷಿಣದ ಕೋಣೆಗೆ ಜೂನ್ ಜುಲೈನಲ್ಲಿ ಬಿಸಿಲೇ ಬೀಳುವುದಿಲ್ಲ. ಕಿಟಕಿ ತೆರೆದರೆ ಒಳಗೆ ಬರುವುದು ಇನ್ನಷ್ಟು ತೇವ.

ಆ ದಿನವೇ ತೀರ್ಮಾನ ಮಾಡಿದೆ. ಮಿಕ್ಕ ಮೂರೂ ಜಾಗಕ್ಕೆ ಏಜೆನ್ಸಿ ಬಿಟ್ಟು ನಾವೇ ಮತ್ತೆ ಹೋಗಬೇಕು.

ಪೂರ್ವದ ಬೆಲ್ ಮಾರ್‌ಗೆ ಒಂದು ಸಂಜೆ ಬಸ್ಸಲ್ಲಿ ಹೋದೆವು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆಗ್ನೇಯದ ಗಾಳಿ ಸಮುದ್ರದಿಂದ ನೇರ ಮೈಮೇಲೆ ಬರುತ್ತದೆ. ಪಕ್ಕದ ಮನೆಯ ತಂತಿಯಲ್ಲಿ ಒಣಗಿಸಿದ್ದ ಬಟ್ಟೆ ಬೇಲಿ ದಾಟಿ ಬಿದ್ದಿತ್ತು. ನಾಲ್ಕು ವರ್ಷದ ಕಟ್ಟಡದ ಗೇಟಿನ ಕೀಲು ಉಪ್ಪು ತಿಂದು ಪುಡಿ ಉದುರುತ್ತಿತ್ತು. ಡಿಸೆಂಬರ್‌ನಲ್ಲಿ ರಜೆ ಕಳೆಯಲು ಅದು ಸ್ವರ್ಗ, ವರ್ಷವಿಡೀ ಇರಲು ನಮಗೆ ಆಗದು. ಉತ್ತರದ ಗ್ರಾನ್ ಬೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳ್ಳೆಯ ಊರು. ಆದರೆ ಶನಿವಾರ ರಾತ್ರಿ ಹನ್ನೊಂದಕ್ಕೆ ಆ ಫ್ಲಾಟ್ ಕೆಳಗೆ ನಿಂತರೆ ಪಕ್ಕದಲ್ಲಿದ್ದವರ ಮಾತು ಕೇಳಿಸದಷ್ಟು ಗದ್ದಲ.

ಕೊನೆಗೆ ಪಶ್ಚಿಮದ ಫ್ಲಿಕ್ ಆನ್ ಫ್ಲಾಕ್ ಆರಿಸಿದೆವು. ಕಡಲಿಂದ ಎರಡನೇ ಸಾಲು, ಮೊದಲ ಮಹಡಿ, ಉತ್ತರಕ್ಕೆ ಬಾಲ್ಕನಿ. 1960ರ ಕ್ಯಾರಲ್ ಚಂಡಮಾರುತ ಮನೆಗಳನ್ನು ನೆಲಸಮ ಮಾಡಿದ ಮೇಲೆ ಇಲ್ಲಿ ಎಲ್ಲರೂ ಕಾಂಕ್ರೀಟ್ ತಾರಸಿಗೆ ಬಂದರು. ನಮ್ಮದೂ ಅದೇ. ಇಲ್ಲಿ ಮಳೆ ಕಡಿಮೆ ಎಂದಮೇಲೆ ನೀರು ಕೇಳಲೇಬೇಕು. ಮೇಲೆ ಟ್ಯಾಂಕ್ ಎಷ್ಟು ದೊಡ್ಡದು, ನಲ್ಲಿ ನೀರು ದಿನಕ್ಕೆ ಎಷ್ಟು ಹೊತ್ತು ಎಂದು ಕೆಳಮನೆಯ ಅಜ್ಜಿಯನ್ನು ಕೇಳಿದೆ. ಅವರು ಟ್ಯಾಂಕ್ ತೋರಿಸಿದ್ದಷ್ಟೇ ಅಲ್ಲ, ಹಿತ್ತಲಿಂದ ಕರಿಬೇವು ಕಿತ್ತು ಕೊಟ್ಟರು. ಇಲ್ಲಿ ಅದಕ್ಕೆ 'ಕಾರಿಪುಲೆ' ಎನ್ನುತ್ತಾರೆ. ಆ ಮನೆ ನಮ್ಮದೇ ಅನ್ನಿಸಿದ್ದು ಆಗಲೇ.

ಇಲ್ಲಿಂದ ಎಬೆನ್‌ಗೆ ಇಪ್ಪತ್ತೈದು ನಿಮಿಷ ಎಂದು ಏಜೆನ್ಸಿಯವರು ಅಂದಿದ್ದರು. ಸೋಮವಾರ ಬೆಳಗ್ಗೆ ಏಳೂವರೆಗೆ ಹೊರಟು ನೋಡಿದೆವು. ಒಂದು ಗಂಟೆ ಹತ್ತು ನಿಮಿಷ. ಯಜಮಾನರು ಈಗ ಆರೂಕಾಲಿಗೇ ಹೊರಡುತ್ತಾರೆ. ಗೊತ್ತಿದ್ದೇ ಒಪ್ಪಿಕೊಂಡಿದ್ದರಿಂದ ಬೇಜಾರಿಲ್ಲ.

ಮುಂಗಡದ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಸಿಟ್ಟಿದೆ. ದುಡ್ಡು ತಮ್ಮ ಖಾತೆಗೇ ಹಾಕಿ ಎಂದು ಏಜೆನ್ಸಿಯವರು ಮೂರು ಸಲ ಫೋನ್ ಮಾಡಿದರು. ಇಲ್ಲಿ ಕ್ರಯಪತ್ರ ಮಾಡುವವರು ನೋಟೇರ್. ಅವರ ಖಾತೆಗೆ ಮಾತ್ರ ಹಾಕುತ್ತೇವೆ ಎಂದು ನಾವು ಹಟ ಹಿಡಿದೆವು. ಒಂದು ವಾರ ಎಳೆದಾಡಿ ಒಪ್ಪಿದರು. ನೀವು ಯಾರ ಮೂಲಕ ಕೊಂಡರೂ ಈ ಒಂದು ಮಾತು ಬಿಟ್ಟುಕೊಡಬೇಡಿ. ಪತ್ರ ಫ್ರೆಂಚ್‌ನಲ್ಲಿರುತ್ತದೆ, ಸಾಲು ಸಾಲಾಗಿ ಓದಿಸಿ ಅರ್ಥ ಹೇಳಿಸಿಕೊಂಡೇ ಸಹಿ ಹಾಕಿ. ಕಟ್ಟಡದ ನಿರ್ವಹಣೆಗೆ ಸಿಂಡಿಕ್ ಎಂದು ತಿಂಗಳ ಹಣ ಕಟ್ಟಬೇಕು. ಅದು ಎಷ್ಟು, ಹಳೆ ಮಾಲೀಕರ ಬಾಕಿ ಇದೆಯಾ, ಅದನ್ನೂ ಕೇಳಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಮೂರೂ ಆ ಹುಡುಗಿಗೆ. ನವೆಂಬರ್‌ನಲ್ಲಿ ಬೀಗದ ಕೈ ಸಿಕ್ಕಿತು. ಫೆಬ್ರವರಿಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದಾಗ, ನಾಲ್ಕನೇ ಬೆಳಗ್ಗೆ ಬೀರು ತೆಗೆದು ಹಿಂದಿನ ಹಲಗೆ ಮುಟ್ಟಿ ನೋಡಿದೆ. ಒಣಗಿತ್ತು.